ಮನೆ ತುಂಬ ಸ್ಯಾಕ್ಸೋಫೋನ್

ಸಿನಿಮಾ ರೆಕಾರ್ಡುಗಳ ಭಾರಕ್ಕೆ ವೆಂಕೋಬನ ಮನೆಯ ನೆಲ ಮೊಳದಷ್ಟು ಕುಸಿದಿತ್ತಂತೆ. ಹಾಗೆಂದವನು ವೆಂಕೋಬನೇ. ವಠಾರದಲ್ಲಿ ಅದನ್ನು ನಂಬಿದವರು ಪಕ್ಕದ ಮನೆಯ ಮೇಷ್ಟ್ರು ಒಬ್ಬರೇ. ಅವರ ಹತ್ತಿರ ನಿಜಕ್ಕೂ ರೆಕಾರ್ಡುಗಳಿದ್ದವು. ಅದೇ ವೆಂಕೋಬನ ಹೊಟ್ಟೆಯುರಿ.

"ನಿನ್ನೆ ನಾನು ಹಾಕಿದ ಹಾಡಿನ ಸ್ಯಾಕ್ಸೋಫೋನ್ ಕೇಳಿ ದೇವರಮನೆ ಗಂಟೆ ತಾನಾಗೇ ಹೊಡ್ಕೊಳ್ತು, ಮೇಷ್ಟ್ರೇ!"

"ನಾನೂ ನಿನ್ನೆ ಅದನ್ನೇ ಹಾಕಿದ್ದೆ ಕಣಯ್ಯ! ಭಜನೆಗೆ ರಾಗ ಹಾಕಿದ ಸಂಗೀತ ನಿರ್ದೇಶಕನೇ ಕ್ಲಬ್ ಹಾಡಿಗೆ ಜಾಜ್ ಹಾಕಿದಾನೆ ಅಂದ್ರೆ ನೋಡು!"

"ಅವರ ಹಾಡು ಒಂದೂ ಬಿಟ್ಟಿಲ್ಲ, ಎಲ್ಲಾ ಇದೆ ನನ್ನ ಹತ್ರ."

"ಹಾಗಾದ್ರೆ ಸರಿ. ಮನೆ ಬದಲಾಯಿಸ್ತಿದೀನಿ, ನನ್ನ ರೆಕಾರ್ಡೆಲ್ಲಾ ನಿನಗೇ ಕೊಡೋಣ ಅಂತಿದ್ದೆ. ಎಲ್ಲಾ ಇರೋನಿಗೆ ಮತ್ಯಾಕೆ? ಎದುರುಮನೆ ಸೀನಪ್ಪನಿಗೆ ಕೊಡ್ತೀನಿ. ಹೋಗೋ ಮುಂಚೆ ನಿನ್ನ ರೆಕಾರ್ಡುಗಳ್ನ ಒಮ್ಮೆ ನೋಡ್ಬಿಡ್ತೀನಿ, ತಡಿ."

ವೆಂಕೋಬ ಬಾಗಿಲಿಗೆ ಅಡ್ಡ ನಿಲ್ಲುವಷ್ಟರಲ್ಲಿ ಮೇಷ್ಟ್ರು ಒಳಗಿದ್ದರು. ಅಲ್ಲಿದ್ದದ್ದು ಒಂದು ಚಾಪೆ, ಎರಡೂ ಮನೆಗಳ ನಡುವಿನ ಗೋಡೆ, ಅದರ ಮೇಲೆ ಕಿವಿಯೆತ್ತರಕ್ಕೆ ತಲೆಯೆಣ್ಣೆಯ ದುಂಡನೆಯ ಕಲೆ.

"ಎಲ್ಲಯ್ಯಾ ರೆಕಾರ್ಡು?"

ವೆಂಕೋಬ ಕಲೆಗೆ ಬೆನ್ನು ಕೊಟ್ಟು ನಿಂತ.

"ಇಷ್ಟು ದಿನವೂ ನಿಮ್ಮನೇಲೇ ಇತ್ತು, ಮೇಷ್ಟ್ರೇ."