ಕೊನೆಯ ಗಳಿಗೆಯ ಮಾರಾಟ

ಷೇರು ಪೇಟೆ ಇನ್ನೇನು ಮುಚ್ಚಬೇಕು ಅನ್ನುವಾಗ ಯಾರೋ ಮತ್ತೆ ಮಾರಿದರು. ಪರದೆಯ ಮೇಲೆ ಹಸಿರಾಗಿದ್ದ ಅಂಕಿ ಕೆಂಪಾಯಿತು. ಕ್ಯಾಪ್ಟನ್ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದ.

ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಕ್ಯಾಪ್ಟನ್ ಎಂದೇ. ಸರಕು ಹಡಗಿನಲ್ಲಿ ದೇಶ ದೇಶ ಸುತ್ತಿದವನು. ಅಪ್ಪ ತೀರಿಕೊಂಡಾಗ ಅಕ್ಕ ಅವನನ್ನು ದಡಕ್ಕೆಳೆದು ಅಪ್ಪನ ಕುರ್ಚಿಯಲ್ಲಿ ಕೂರಿಸಿದ್ದಳು. ಒಂದು ಷರತ್ತಿನ ಮೇಲೆ ಅವನು ಒಪ್ಪಿದ್ದ: ಕಂಪನಿಯ ಮಾರುಕಟ್ಟೆ ಮೌಲ್ಯ ನೂರು ಕೋಟಿ ದಾಟಿ ಒಂದು ವಾರ ಅಲ್ಲೇ ನಿಂತರೆ ಕುರ್ಚಿ ಬೇರೆಯವರಿಗೆ, ಸಮುದ್ರ ಅವನಿಗೆ.

ದಾಟುವುದೇನೋ ದಾಟುತ್ತಿತ್ತು. ನಿಲ್ಲುತ್ತಿರಲಿಲ್ಲ.

ಲೆಕ್ಕ ಸರಳ. ದಿನದ ಕೊನೆಗೆ ಒಂದು ಷೇರು ಎಷ್ಟಕ್ಕೆ ಕೈ ಬದಲಾಯಿತೋ ಅದನ್ನು ಕಂಪನಿಯ ಒಟ್ಟು ಷೇರುಗಳಿಂದ ಗುಣಿಸಿದರೆ ಮುಗಿಯಿತು. ಯಂತ್ರಗಳನ್ನು ಯಾರೂ ತೂಗಿ ನೋಡುವುದಿಲ್ಲ, ಗೋದಾಮಿನ ಬಾಗಿಲು ತೆರೆಸುವುದಿಲ್ಲ. ಷೇರುಗಳಲ್ಲಿ ಮುಕ್ಕಾಲು ಪಾಲು ಮನೆಯವರ ಬಳಿಯೇ ಇತ್ತು: ಅಕ್ಕನದು, ಅವನದು, ಮದುವೆಯಲ್ಲಿ ಅಪ್ಪ ಸೊಸೆಗೆ ಕೊಟ್ಟದ್ದು. ಪೇಟೆಯಲ್ಲಿ ಓಡಾಡುತ್ತಿದ್ದುದು ಒಂದು ಹಿಡಿಯಷ್ಟೇ. ಹಾಗಾಗಿ ಯಾರಾದರೂ ಒಂದಿಷ್ಟನ್ನು ಸಿಕ್ಕಿದ ಬೆಲೆಗೆ ತಳ್ಳಿಬಿಟ್ಟರೆ ಇಡೀ ಕಾರ್ಖಾನೆಯೇ ಅಗ್ಗವಾಗುತ್ತಿತ್ತು. ತಳ್ಳಿದವರು ಯಾರೆಂದು ಪರದೆ ಹೇಳುವುದಿಲ್ಲ.

ಮನೆಗೆ ಬಂದಾಗ ಹೆಂಡತಿ ಮುಖ ನೋಡಿಯೇ ತಿಳಿದುಕೊಂಡಳು.

“ಇವತ್ತೂ ಆಗ್ಲಿಲ್ವಾ? ಹೋಗ್ಲಿ ಬಿಡಿ. ಊಟಕ್ಕೆ ಬನ್ನಿ, ಎಲ್ಲಾ ಬಿಸಿಯಾಗಿದೆ.”

ಮಗಳು ಬಂದು ತೊಡೆಯೇರಿದಳು. ಹಿಂದೊಮ್ಮೆ ಹಡಗಿನಿಂದ ಬಂದವನನ್ನು ಕಂಡು ಇದೇ ಮಗಳು, “ಅಮ್ಮಾ, ಯಾರೋ ಬಂದಿದಾರೆ,” ಎಂದು ಒಳಗೋಡಿದ್ದಳು. ಈಗ ಅವನು ಕತೆ ಹೇಳದಿದ್ದರೆ ನಿದ್ದೆಯಿಲ್ಲ. ಆ ಪುಟ್ಟ ಕೈಗಳು ಕೊರಳು ಬಳಸಿದಾಗಲೂ ಅವನಿಗೆ ಉಸಿರುಕಟ್ಟಿದಂತಾಗುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಅನುಮಾನವಿದ್ದುದು ಅಕ್ಕನ ಮೇಲೆ. ಮರುದಿನ ನೇರವಾಗಿ ಅವಳ ಕೋಣೆಗೆ ನುಗ್ಗಿದ.

“ನೀನೇ ತಾನೆ ಮಾರ್ತಿರೋದು? ನಾನು ಇಲ್ಲೇ ಕೊಳೀಲಿ ಅಂತ.”

ಅಕ್ಕ ಪೆನ್ನು ಕೆಳಗಿಟ್ಟಳು. “ನಾನು ಕೊಳ್ತಾ ಇದೀನಿ ಕಣೋ, ನಿನ್ನ ಸಾಗಹಾಕೋಕೆ. ನಿನ್ನ ಗಂಟುಮುಖ ನೋಡಿ ನೋಡಿ ನನಗೂ ಸಾಕಾಗಿದೆ. ನಾನು ಮೇಲೆತ್ತಿದಷ್ಟೂ ಯಾರೋ ಕೆಳಗೆಳೀತಾರೆ. ನಷ್ಟ ಮಾಡ್ಕೊಂಡು ಮಾರೋ ಅಂಥ ಹಟ ಯಾರಿಗಿದೆಯೋ, ನಂಗಂತೂ ಗೊತ್ತಿಲ್ಲ.”

ಅವಳು ಸುಳ್ಳು ಹೇಳುವಾಗ ಕಣ್ಣು ತಪ್ಪಿಸುತ್ತಾಳೆ. ಈಗ ತಪ್ಪಿಸಲಿಲ್ಲ. ಅವನು ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂತಿರುಗಿದ.

ಮುಂದಿನ ವಾರ ಬೆಲೆ ಏರಿತು, ನೂರು ಕೋಟಿ ದಾಟಿ ನಿಂತಿತು. ಕೆಳಗೆ ತಳ್ಳುವ ಕೈ ಯಾಕೋ ಸುಮ್ಮನಿತ್ತು. ವಾರದ ಕೊನೆಯ ದಿನ ಕಚೇರಿಯಲ್ಲಿ ಕೂರಲಾಗದೆ ಅವನು ಮಧ್ಯಾಹ್ನವೇ ಮನೆಗೆ ಬಂದ.

ಹೆಂಡತಿ ಅವನ ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಕಾಲರಿನ ಅಂಚನ್ನು ತೀಡಿದ್ದನ್ನೇ ತೀಡುತ್ತಿದ್ದಳು.

“ಇವತ್ತೊಂದಿನ ನಿಂತ್ರೆ ಮುಗೀತು,” ಎಂದ.

“ಹೌದು, ಇವತ್ತೊಂದಿನ,” ಎಂದಳು ತಲೆಯೆತ್ತದೆ. ಆಮೇಲೆ ಇಸ್ತ್ರಿಪೆಟ್ಟಿಗೆ ಆರಿಸಿ, ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು.

ಮೇಜಿನ ಮೇಲೆ ಬಿಟ್ಟುಹೋಗಿದ್ದ ಅವಳ ಫೋನು ಬಡಿದುಕೊಳ್ಳತೊಡಗಿತು. ಮಗಳ ಶಾಲೆಯಿಂದ ಇರಬಹುದೆಂದು ಅವನೇ ಎತ್ತಿ ಕಿವಿಗಿಟ್ಟ. ಬಾಯಿ ತೆರೆಯುವ ಮೊದಲೇ ಆ ಕಡೆಯ ಗಂಡಸಿನ ದನಿ ಆತುರಾತುರವಾಗಿ ಶುರುಮಾಡಿತು:

“ಅಮ್ಮಾ, ನಿಮ್ಮ ಮಾವನೋರು ಕೊಟ್ಟಿದ್ರಲ್ಲಿ ಉಳಿದಿರೋದು ಇಷ್ಟೇ, ಕೊನೆ ಗಳಿಗೇಲಿ ಅಷ್ಟನ್ನೂ ಮಾರಿಬಿಡ್ತೀನಿ, ಇನ್ಮೇಲೆ ಮಾತ್ರ ಯಜಮಾನರನ್ನ ಮನೇಲಿ ಉಳಿಸ್ಕೊಳ್ಳೋಕೆ ನೀವು ಬೇರೆ ದಾರಿ ಹುಡುಕ್ಬೇಕಾಗತ್ತೆ.”