ಕಡೆಗೆ ಬೀಳುವವನು

ಹೆಂಡತಿಯ ಫೋನು ಒಲೆಯ ಪಕ್ಕದಲ್ಲಿ ಮಿಣುಕಿತು. ಇಂದುಜಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನವನೀತನ್ ಬಗ್ಗಿ ನೋಡಿದ. ಕಳಿಸಿದವನು ಮಣಿಕಂಡನ್. "ಆಯ್ತಾ?" ಎಂದಷ್ಟೇ ಇತ್ತು. ಅದರ ಮೇಲೆ ಬೆಳಿಗ್ಗೆ ಇವಳು ಬರೆದದ್ದು, ತಮಿಳು ಅಕ್ಷರದಲ್ಲಿ ಮನೆಯ ಕನ್ನಡ: "ಇನ್ನೂ ಬಿಟ್ಟಿಲ್ಲ. ಹಿಡ್ಕೊಂಡೇ ಇದ್ದಾರೆ. ಮುಗಿದ ಮೇಲೆ ಹೇಳ್ತೀನಿ."

ಫೋನನ್ನು ಇದ್ದ ಹಾಗೆಯೇ ಬಿಟ್ಟು ಅವನು ಹೊರಗೆ ಬಂದ.

ನವನೀತನ್ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ನೂಲು ಕೊಡಿಸುವ ದಲ್ಲಾಳಿ. ಮಣಿಕಂಡನ್ ಅವನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು, ಮನೆಯಲ್ಲಿ ಕನ್ನಡವಾಡುವ ತಮ್ಮ ಜನವೇ. ಈಗ ಗಾಂಧಿಪುರಂನಲ್ಲಿ ಮೊಬೈಲ್ ಅಂಗಡಿ. ಇಬ್ಬರೂ ಒಟ್ಟಿಗೇ ಬಿಟ್‌ಕಾಯಿನ್ ವ್ಯಾಪಾರಕ್ಕೆ ಇಳಿದಿದ್ದರು. ಒಬ್ಬ ಕಾರು ಕೊಂಡ. ಇನ್ನೊಬ್ಬ ಬೈಕು ಮಾರಿದ.

ಮಣಿಕಂಡನ್ ಬೆಲೆಗಿಂತ ಹೆಚ್ಚಾಗಿ ಲಿಕ್ವಿಡೇಷನ್ ನೋಡುತ್ತಿದ್ದ. ಕೈಯಲ್ಲಿರುವುದರ ಹತ್ತು ಪಟ್ಟು ಎರವಲು ಪಡೆದು ಕೊಂಡವರಿರುತ್ತಾರೆ. ಬೆಲೆ ತುಸು ಜಾರಿದರೆ ಸಾಕು, ಎಕ್ಸ್‌ಚೇಂಜು ಅವರನ್ನು ಕೇಳದೆಯೇ ಎಲ್ಲವನ್ನೂ ಮಾರಿ ಹೊರದಬ್ಬುತ್ತದೆ. ಆ ಮಾರಾಟದಿಂದ ಬೆಲೆ ಇನ್ನಷ್ಟು ಇಳಿಯುತ್ತದೆ, ಇನ್ನಷ್ಟು ಜನ ಉರುಳುತ್ತಾರೆ. ಚಾರ್ಟಿನಲ್ಲಿ ಅವರೆಲ್ಲ ಕೆಂಪು ಕಂಬಗಳಾಗಿ ಏಳುತ್ತಾರೆ.

"ಕಂಬ ಏಳ್ತಾ ಇರೋವರೆಗೂ ಬೀಳೋ ವೇಗ ಬಾಕಿ ಇದೆ ಡಾ. ಇನ್ನು ಬೀಳೋಕೆ ಆಳೇ ಇಲ್ಲ ಅಂದಾಗ ಕೊಳ್ಬೇಕು," ಎನ್ನುತ್ತಿದ್ದ ಮಣಿಕಂಡನ್.

ನವನೀತನ್ ನೋಡುತ್ತಿದ್ದುದೂ ಅವೇ ಕಂಬಗಳನ್ನು. ಆದರೆ ಕಾಯಲಾರ. ಅವಸರಪಟ್ಟು ಕೊಳ್ಳುವನು, ನಷ್ಟಕ್ಕೆ ಮಾರಲು ಮನಸ್ಸು ಬಾರದೆ ಎಕ್ಸ್‌ಚೇಂಜು ಕುತ್ತಿಗೆ ಹಿಡಿದು ನೂಕುವವರೆಗೂ ಪಟ್ಟು ಹಿಡಿದು ಕೂರುವನು. ಅವನು ಉರುಳಿದ ದಿನವೇ ಮಣಿಕಂಡನ್ ಲಾಭ ಎಣಿಸುತ್ತಿದ್ದ. ಪ್ರತಿ ಸಲವೂ.

ಆ ಹೊಟ್ಟೆಕಿಚ್ಚು ಹಳೆಯದು. ಇವತ್ತು ಅದು ಅಡುಗೆಮನೆಗೂ ಕಾಲಿಟ್ಟಿತ್ತು.

ಒಂದೊಂದೇ ನೆನಪಾಯಿತು. ತಾನು ಸೋತು ಮಂಕಾಗಿ ಕೂತ ದಿನವೇ ಇವಳು ಕಾಫಿ ಕೊಟ್ಟು, ಫೋನು ಹಿಡಿದು ತಾರಸಿಗೆ ಹೋಗುತ್ತಿದ್ದಳು. ಉಳಿದ ದಿನ ವ್ಯಾಪಾರದ ಮಾತೇ ಎತ್ತದವಳು ಬೆಲೆ ಬಿದ್ದ ದಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, "ಏನುಂಗ, ಇನ್ನೂ ಇದೆಯಾ, ಹೋಯ್ತಾ?" ಕಾಳಜಿ ಎಂದುಕೊಂಡಿದ್ದ ಪೆದ್ದ. ಪೊಂಗಲ್‌ಗೆ ಉಟ್ಟ ರೇಷ್ಮೆ ಸೀರೆ ಸಿರುಮುಗೈ ತವರಿನವರು ನೆಯ್ದು ಕಳಿಸಿದ್ದು ಎಂದಿದ್ದಳು. ಅದನ್ನೂ ನಂಬಿದ್ದ. ಮಗಳು ಸರಣ್ಯಾಳ ಕಾಲೇಜು ಫೀಸಿಗಾಗಲಿ, ಮನೆಯ ದಿನಸಿಗಾಗಲಿ ಕೊರತೆ ಬಿದ್ದಿರಲಿಲ್ಲ. ತನ್ನ ದಲ್ಲಾಳಿ ದುಡಿಮೆಯೇ ಸಾಲುತ್ತಿದೆ ಎಂದು ಅವನಿಗೆ ಹೆಮ್ಮೆಯಿತ್ತು. ಅಂಥ ಗಂಡನಿಗೆ ಇವಳು ಮಾಡುವುದು ಇದು.

ಮನೆಗೆ ಬಂದಾಗ ಮಣಿಕಂಡನ್ ಅವಳನ್ನು "ತಂಗಚ್ಚಿ" ಎಂದೇ, ಒಡಹುಟ್ಟಿದ ತಂಗಿಯಂತೆ, ಕರೆಯುತ್ತಿದ್ದ. ಎಂಥ ನಟನೆ.

ಅಂದೂ ಬೆಲೆ ಬೀಳುತ್ತಿತ್ತು. ನವನೀತನ್ ಅಪರೂಪಕ್ಕೆ ಎರವಲು ಕಡಿಮೆ ಮಾಡಿ ಕೊಂಡಿದ್ದ; ಇನ್ನೂ ಉಸಿರಿತ್ತು. ಆದರೆ ಊಟಕ್ಕೆ ಕೂತವನು ತಟ್ಟೆಯನ್ನು ಅತ್ತ ತಳ್ಳಿದ.

"ಏನಾಯ್ತುಂಗ?"

"ಎಲ್ಲಾ ಖಾಲಿ. ಧಾರಾಪುರಂಗೆ ಹೋಗಿ ಬರ್ತೀನಿ, ಪಾರ್ಟಿ ಒಬ್ರನ್ನ ನೋಡ್ಬೇಕು."

"ನಿಜವಾಗ್ಲೂ ಪೂರಾ ಹೋಯ್ತಾ?"

"ಪೂರಾ."

ಅವಳ ಮುಖದಲ್ಲಿ ದುಃಖ ಕಾಣಲಿಲ್ಲ. ಬಹಳ ದಿನದಿಂದ ಕಾದದ್ದು ಬಂದಂಥ ನೆಮ್ಮದಿ ಕಂಡಿತು.

ಅವನು ಬೀದಿ ತಿರುವಿನವರೆಗೆ ಹೋಗಿ ಮರಳಿದ. ತಾರಸಿಯ ಮೆಟ್ಟಿಲ ಕೆಳಗೆ ನಿಂತ. ಮೇಲಿನಿಂದ ಅವಳ ದನಿ ಕೇಳಿಸಿತು: "ಹೂಂ, ಅವರ ಬಾಯಿಂದಲೇ ಕೇಳ್ದೆ. ಇನ್ನು ಹೆದರೋದು ಬೇಡ. ಇವತ್ತೇ ಎಲ್ಲಾ ಮುಗಿಸ್ಬಿಡೋಣ. ಆಮೇಲೆ ಈ ಕದ್ದು ಮುಚ್ಚಿ ಮಾತಾಡೋದೇ ಇರಲ್ಲ."

ನವನೀತನ್ ಜಗಲಿಯ ಮೇಲೆ ಕೂತು ಕಾದ. ಬರಲಿ, ಇವಳನ್ನು ಕರೆದುಕೊಂಡು ಹೋಗಲು ಮಣಿಕಂಡನ್ ಬಂದೇ ಬರುತ್ತಾನೆ. ಕಾಯುತ್ತಿರುವಾಗ ಜೇಬಿನಲ್ಲಿ ಫೋನು ಅದುರಿತು. ಬೆಲೆ ಮತ್ತೆ ಕುಸಿದು, ಬೆಳಗಿನವೆಲ್ಲ ಕುಳ್ಳಗೆ ಕಾಣುವಂಥ ಕೆಂಪು ಕಂಬ ಎದ್ದಿತ್ತು. ಈಗ ಅವನೂ ನಿಜವಾಗಿ ಉರುಳಿದ್ದ. ಅವನಿಗೆ ಅದು ತಾಕಲೇ ಇಲ್ಲ.

ಸಂಜೆ ಕಾರು ಬಂದು ನಿಂತಿತು. ಇಳಿದ ಮಣಿಕಂಡನ್‌ನ ಮುಖ ಬಿಳಿಚಿಕೊಂಡಿತ್ತು. ಅವನು ನವನೀತನನ್ನು ದಾಟಿ ಬಾಗಿಲಲ್ಲಿ ನಿಂತಿದ್ದ ಇಂದುಜಾಳತ್ತ ನೋಡಿದ.

"ಉರುಳಿಬಿಟ್ವಿ, ತಂಗಚ್ಚಿ. ಒಂದು ಕಾಸೂ ಉಳೀಲಿಲ್ಲ."

"ನೀನೂನಾ?" ಎಂದ ನವನೀತನ್. ನಾಲಿಗೆಯ ಮೇಲೆ ಸಿಹಿ ಆಡಿತು.

"ಚಾರ್ಟಲ್ಲಿ ಎಷ್ಟು ಜನ ಬಿದ್ರು ಅನ್ನೋದು ಕಾಣುತ್ತೆ ಡಾ. ಇನ್ನೆಷ್ಟು ಜನ ಬಾಕಿ ಅನ್ನೋದು ಕಾಣಲ್ಲ. ನೀನು ಯಾವಾಗ್ಲೂ ಕಡೆಗೆ ಬೀಳೋನು. ನೀನು ಬಿದ್ಯಾ ಇಲ್ವಾ ಅಂತ ಇವಳು ಹೇಳ್ತಿದ್ಲು, ಆಮೇಲೇ ನಾನು ಕೊಳ್ತಿದ್ದೆ. ಒಂದು ಸಲಾನೂ ತಪ್ಪಿರಲಿಲ್ಲ."

ಅರ್ಥವಾದಾಗ ಎದೆಯ ಮೇಲಿನ ಕಲ್ಲು ಇಳಿಯಿತು. ಹೆಂಡತಿ ತನ್ನವಳೇ. ಇಷ್ಟು ದಿನ ತನ್ನ ಸೋಲಿನ ಮೇಲೆ ಗೆದ್ದವನನ್ನು ತನ್ನ ಒಂದೇ ಸುಳ್ಳು ನೆಲಕ್ಕೆ ಕೆಡವಿದೆ. ನವನೀತನಿಗೆ ನಗು ತಡೆಯಲಾಗಲಿಲ್ಲ.

"ಮಧ್ಯಾಹ್ನ ನಾನು ಬಿದ್ದೇ ಇರಲಿಲ್ಲ. ಸುಳ್ಳು ಹೇಳ್ದೆ. ನಿನ್ನ ದುಡ್ಡು ಹೋದ್ರೆ ನನಗೇನು ಡಾ?"

ಇಂದುಜಾ ಹೊಸ್ತಿಲ ಮೇಲೆ ಕುಸಿದು ಕೂತಳು.

"ಅವರ ದುಡ್ಡನ್ನ ಅವರು ಯಾವತ್ತೋ ವಾಪಸ್ ತೆಗೆದುಕೊಂಡ್ರುಂಗ," ಎಂದಳು. "ನೀವು ಬಿದ್ದಾಗೆಲ್ಲ ನನ್ನ ದುಡ್ಡು ಹಾಕಿ ಅವರ ಕೈಲಿ ಕೊಳ್ಳಿಸ್ತಿದ್ದದ್ದು ನಾನು."