ಉಪಗ್ರಹಕ್ಕೆ ಹಾಸಿದ ದುಪ್ಪಟಿ

ಊರವರು ಕಣದ ತುಂಬ ಹಾಸಿದ್ದ ಬಿಳಿ ದುಪ್ಪಟಿಗಳನ್ನು ಕಂಡು ನಿಯೆವೆಸ್ ಕಾರಿನ ಬಾಗಿಲಲ್ಲೇ ನಿಂತಳು. ಸ್ಪೇನಿನ ಹೊಸ ಭೂವೀಕ್ಷಣಾ ಉಪಗ್ರಹಕ್ಕೆ ಕ್ಯಾಮೆರಾ ಕಟ್ಟಿದವರಲ್ಲಿ ಅವಳೂ ಒಬ್ಬಳು; "ಬಿಳೀದು ಏನಾದ್ರೂ ಹಾಸಿ, ಮೇಲಿಂದ ನಮ್ಮೂರು ಕಾಣುತ್ತೆ" ಎಂದು ಹಬ್ಬದೂಟದಲ್ಲಿ ಕೊಚ್ಚಿಕೊಂಡವಳಂತೂ ಅವಳೊಬ್ಬಳೇ. ನಿನ್ನೆ ಹಾರಿದ ಎಂಟೇ ನಿಮಿಷಕ್ಕೆ ರಾಕೆಟ್ ದಾರಿತಪ್ಪಿ ಉಪಗ್ರಹ ಮಣ್ಣುಪಾಲಾಗಿತ್ತು. ಅಮ್ಮ ದುಪ್ಪಟಿಯ ಒಂದು ತುದಿಯನ್ನು ಅವಳ ಕೈಗಿತ್ತು ಮಡಿಸತೊಡಗಿದಳು.

"ಏನಮ್ಮಾ ನಿಯೆವೆಸ್, ಫೋಟೋದಲ್ಲಿ ನನ್ನ ಬೋಳುತಲೆ ಮಿಂಚ್ತಾ?" ಸುದ್ದಿ ಕೇಳಿರದ ಮುದುಕ ಎಲೂತೇರಿಯೊ ಗೋಡೆಯಾಚೆಯಿಂದ ಕೂಗಿದ.

ಜನ್ಮದಲ್ಲಿ ಸುಳ್ಳಾಡದ ಅಮ್ಮ ಥಟ್ಟನೆ ಅಂದಳು: "ಮೋಡ ಅಡ್ಡ ಬಂತಂತೆ ಕಣಯ್ಯಾ. ಏನೂ ಕಾಣಲಿಲ್ವಂತೆ."

ಮುದುಕ ವಾರದಿಂದ ಮೋಡವನ್ನೇ ಕಾಣದ ಆಕಾಶವನ್ನು ನೋಡಿದ, ನಿಯೆವೆಸ್‌ಳ ತಗ್ಗಿದ ತಲೆಯನ್ನು ನೋಡಿದ. ಬಂದು ಇನ್ನೊಂದು ದುಪ್ಪಟಿ ಎತ್ತಿಕೊಂಡ.

"ಹೌದೌದು, ಏನು ಮೋಡ ಅಂತೀನಿ!"